ಚೀಟಿ ತೆರೆಯದೆ ಉತ್ತರ: ಸಣ್ಣ ಗುಂಪಿನ ಮುಂದೆ ಪ್ರಶ್ನೋತ್ತರದ ಮೆಂಟಲಿಸಂ ನಡೆಸುವುದು ಹೇಗೆ?

ಜಾದೂ ಕಲಿಯುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಜನ ಚೀಟಿಯಲ್ಲಿ ಬರೆದದ್ದನ್ನು ತೆರೆಯದೆ ಓದೋದು ಹೇಗೆ?" ಇಸ್ಪೀಟಿನ ಆಟಗಳು ಒಂದಷ್ಟು ಕೈಗೆ ಹತ್ತಿದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ ಬೀಳುತ್ತದೆ. ಓದುವ ವಿಧಾನವನ್ನು ಕೆಳಗೆ ಪೂರ್ತಿ ಹೇಳಿದ್ದೇನೆ. ಅದು ಅಂಥ ಕಷ್ಟದ್ದಲ್ಲ. ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಓದಿ ಆಯಿತು, ಈಗ ಉತ್ತರ ಏನು ಕೊಡೋದು? "ಮಗನಿಗೆ ಮೆಡಿಕಲ್ ಸೀಟು ಸಿಗುತ್ತಾ?" ಅಂತ ಒಬ್ಬ ತಾಯಿ ಬರೆದಿದ್ದಾರೆ. ಹತ್ತು ಜನ ನಿಮ್ಮ ಬಾಯಿಯನ್ನೇ ನೋಡುತ್ತಿದ್ದಾರೆ. ಅಲ್ಲಿ ಕೈಚಳಕ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಮೆಂಟಲಿಸಂ ಅಂದರೆ ಮನಸ್ಸು ಓದಿದ ಹಾಗೆ ತೋರಿಸುವ ಜಾದೂ. ಅದರಲ್ಲೇ ಒಂದು ಹಳೇ ಪ್ರಕಾರ ಈ ಪ್ರಶ್ನೋತ್ತರ. ವೃತ್ತಿಯವರು 'ಕ್ಯೂ ಅಂಡ್ ಎ' ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ವೇದಿಕೆಗಳಲ್ಲಿ ಇದು ಜೋರಾಗಿ ಓಡಿತು. ಇದಕ್ಕೆ ಹೆಸರು ತಂದವರಲ್ಲಿ ಎಸ್. ಎಸ್. ಬಾಲ್ಡ್ವಿನ್ ಒಬ್ಬ. ಅವನು ಹಾಕಿಕೊಂಡ ಬಿರುದು 'ವೈಟ್ ಮಹಾತ್ಮ'! ಆಮೇಲೆ ಬಂದ ಕ್ಲಾಡ್ ಅಲೆಕ್ಸಾಂಡರ್ ಪೋಸ್ಟರುಗಳಲ್ಲಿ ರುಮಾಲು ಸುತ್ತಿಕೊಂಡು ಕಾಣಿಸುತ್ತಿದ್ದ. ನಮ್ಮ ಕಡೆಯ ವೇಷ ಹಾಕಿದರೆ ಅಲ್ಲಿ ಟಿಕೆಟ್ ಖರ್ಚಾಗುತ್ತಿತ್ತು, ಅಷ್ಟೇ. ನೀವು ಮನೆಯ ಹಾಲ್‌ನಲ್ಲಿ ಹತ್ತು ಜನರ ಮುಂದೆ ಮಾಡುವಾಗ ಯಾವ ವೇಷವೂ ಬೇಡ. ಮಾಮೂಲಿ ಅಂಗಿ, ಮಾಮೂಲಿ ಮಾತು ಸಾಕು.

ಏನೇನು ಬೇಕು?

ಚೀಟಿಗೆ ಎ4 ಹಾಳೆಯನ್ನು ಎಂಟು ಭಾಗ ಮಾಡಿ. ಒಂದೊಂದು ಸುಮಾರು 10.5 ಸೆಂ.ಮೀ. ಉದ್ದ, 7.4 ಸೆಂ.ಮೀ. ಅಗಲ ಬರುತ್ತದೆ. ಎರಡು ಮಡಿಕೆ ಹಾಕಿದರೆ ಬೆರಳುಗಳ ಒಳಗೆ ಅಡಗುತ್ತದೆ. ಪ್ರಿಂಟರಿಗೆ ಹಾಕುವ ತೆಳು ಹಾಳೆ ಬೇಡ, ಬೆಳಕಿಗೆ ಅಕ್ಷರ ಕಾಣುತ್ತದೆ. 100 ಜಿ.ಎಸ್.ಎಂ. ಹಾಳೆ ತನ್ನಿ. ಜಿ.ಎಸ್.ಎಂ. ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಸಂಖ್ಯೆ ಜಾಸ್ತಿ ಆದಷ್ಟೂ ಕಾಗದ ದಪ್ಪ.

ಎಲ್ಲರಿಗೂ ಒಂದೇ ಥರದ 2ಬಿ ಪೆನ್ಸಿಲ್ ಕೊಡಿ. ಅಕ್ಷರ ಕಪ್ಪಗೆ ಬರುತ್ತದೆ, ಒಂದೇ ನೋಟಕ್ಕೆ ಓದಬಹುದು. ಜೆಲ್ ಪೆನ್ ಕೊಟ್ಟರೆ ಶಾಯಿ ಹಿಂಬದಿಗೆ ಇಳಿಯುತ್ತದೆ. ಒಬ್ಬರು ನೀಲಿ, ಒಬ್ಬರು ಕೆಂಪು ಅಂತ ಬರೆದರೆ ಚೀಟಿ ಯಾರದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಇನ್ನು ಅಗಲ ಬಾಯಿಯ ಒಂದು ಬಟ್ಟಲು, ತೆರೆದ ಚೀಟಿ ಹಾಕಲು ಒಂದು ತಟ್ಟೆ, ಮಕ್ಕಳು ಪರೀಕ್ಷೆಗೆ ಒಯ್ಯುವಂಥ ಒಂದು ರಟ್ಟಿನ ಪ್ಯಾಡ್, ಅದರ ಮೇಲೆ ಎರಡು ಹಾಳೆ. ಸಾಮಾನು ಇಷ್ಟೇ.

ಹಂತ 1: ಗುಂಪು ಮತ್ತು ಜಾಗ

ಎಂಟರಿಂದ ಹನ್ನೆರಡು ಜನ ಇದ್ದರೆ ಚೆನ್ನ. ಅದಕ್ಕಿಂತ ಕಡಿಮೆ ಇದ್ದರೆ ಚೀಟಿಗಳ ಲೆಕ್ಕ ಜನರ ತಲೆಯಲ್ಲೇ ಉಳಿದುಬಿಡುತ್ತದೆ. ಎಲ್ಲರೂ ನಿಮ್ಮ ಎದುರಿಗೆ ಕೂರಬೇಕು, ಹಿಂದೆ ಯಾರೂ ಇರಬಾರದು. ಕಿಟಕಿ, ಕನ್ನಡಿ, ಆಫ್ ಮಾಡಿದ ಟಿವಿ ಪರದೆ ನಿಮ್ಮ ಬೆನ್ನಿಗೆ ಬರದ ಹಾಗೆ ನೋಡಿಕೊಳ್ಳಿ. ಟಿವಿ ಪರದೆಯನ್ನು ಎಲ್ಲರೂ ಮರೆಯುತ್ತಾರೆ. ಪ್ಯಾಡಿನ ಹಿಂದೆ ನೀವು ಮಾಡುವ ಕೆಲಸವೆಲ್ಲ ಅದರಲ್ಲಿ ಕಾಣುತ್ತದೆ.

ಒಟ್ಟು ಇಪ್ಪತ್ತೈದು ನಿಮಿಷ ಸಾಕು. ಅಷ್ಟರಲ್ಲಿ ಐದಾರು ಪ್ರಶ್ನೆಗೆ ಮಾತ್ರ ಉತ್ತರ. ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ನನ್ನ ಚೀಟಿ ಬಂದೇ ಇಲ್ಲ" ಅಂತ ಕೊನೆಯಲ್ಲಿ ಮುಖ ಸಣ್ಣದಾಗುತ್ತದೆ.

ಹಂತ 2: ಶುರುವಿನ ಮಾತು

"ನಾನು ಜ್ಯೋತಿಷಿ ಅಲ್ಲ. ನನಗೆ ಯಾವ ಶಕ್ತಿಯೂ ಇಲ್ಲ. ಇದು ಆಟ. ಹೇಗೆ ಮಾಡ್ತೀನಿ ಅಂತ ಮಾತ್ರ ಹೇಳಲ್ಲ." ಈ ನಾಲ್ಕು ಮಾತು ನಗುತ್ತಾ ಹೇಳಿ, ಆದರೆ ಸ್ಪಷ್ಟವಾಗಿ ಹೇಳಿ. ಹೀಗೆ ಅಂದರೆ ಆಟದ ಮಜಾ ಹೋಗುತ್ತದೆ ಅನ್ನುವ ಹೆದರಿಕೆ ಹಲವರಿಗೆ. ಹೋಗುವುದಿಲ್ಲ. ಹೇಳಿದ ಮೇಲೂ ಒಬ್ಬಿಬ್ಬರು ನಿಮ್ಮನ್ನು ನಂಬಿಯೇ ನಂಬುತ್ತಾರೆ, ಅವರ ವಿಷಯ ಕೊನೆಯ ಹಂತದಲ್ಲಿ.

ಇದರಲ್ಲಿ ಕಾನೂನಿನ ಮಾತೂ ಇದೆ. ಕರ್ನಾಟಕದಲ್ಲಿ ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ. ಮಾಟಮಂತ್ರದ ಹೆಸರಲ್ಲಿ ಜನರನ್ನು ಹೆದರಿಸುವುದು, ಶೋಷಿಸುವುದು ಅದರಡಿ ಅಪರಾಧ. ಮಂತ್ರ, ತಾಯತದಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕೇಂದ್ರ ಕಾನೂನಿನ ತಡೆ ಇದೆ. ಮನೋರಂಜನೆಗೆ ಆಡುವವರಿಗೆ ಇದರಿಂದ ತೊಂದರೆ ಇಲ್ಲ. 'ಪರಿಹಾರ' ಅನ್ನುವ ಮಾತು ನಿಮ್ಮ ಬಾಯಿಂದ ಬರದಿದ್ದರೆ ಸಾಕು. ಇನ್ನೊಂದು ವಿಷಯ: 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದ ಊರು ಇದು. ಹತ್ತು ಜನರಲ್ಲಿ ಒಬ್ಬರಾದರೂ "ನಿಜ ಹೇಳು" ಅಂತ ಕೂತಿರುತ್ತಾರೆ. ಮೊದಲೇ ಆಟ ಅಂದುಬಿಟ್ಟರೆ ಅವರೂ ಆರಾಮಾಗಿ ನೋಡುತ್ತಾರೆ.

ಹಂತ 3: ಬರೆಸುವುದು

ಹೀಗೆ ಹೇಳಿ: "ಮುಂದಿನ ದಿನಗಳ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಒಂದೇ ಪ್ರಶ್ನೆ. ಒಂದೇ ಸಾಲು. ಕೆಳಗೆ ಇನಿಷಿಯಲ್ಸ್. ನಾಲ್ಕು ಜನರ ಮುಂದೆ ಮಾತಾಡಬಹುದಾದ ವಿಷಯ ಮಾತ್ರ ಬರೀರಿ." ಕೊನೆಯ ಮಾತನ್ನು ಬಿಡಲೇಬೇಡಿ. ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಮಡಿಸುವುದನ್ನು ನೀವೇ ಮಾಡಿ ತೋರಿಸಿ: ಒಂದು ಸಲ, ಇನ್ನೊಂದು ಸಲ, ಅಷ್ಟೇ. ಆದರೂ ಒಬ್ಬರು ಬೀಡಿಯ ಹಾಗೆ ಸುರುಳಿ ಸುತ್ತಿ ಹಾಕುತ್ತಾರೆ. ಆ ಚೀಟಿಯನ್ನು ಮುಟ್ಟಬೇಡಿ. ಅದು ನಿಮ್ಮ ಕೈಯಲ್ಲಿ ಇರುವಾಗ ಬೇರೆಯವರ ಪ್ರಶ್ನೆ ಹೇಳಿದರೆ (ಆಟ ನಡೆಯುವುದೇ ಹಾಗೆ, ಹಂತ 5 ನೋಡಿ), ಬರೆದವರಿಗೆ ಆ ಕ್ಷಣವೇ ಗುಟ್ಟು ಗೊತ್ತಾಗುತ್ತದೆ.

ಹಂತ 4: ಮೊದಲ ಚೀಟಿ ಕದಿಯುವುದು

ಇಡೀ ಆಟಕ್ಕೆ ಗುಟ್ಟಾಗಿ ಓದಬೇಕಾದದ್ದು ಒಂದೇ ಚೀಟಿ. ಅದಕ್ಕೆ ಹಲವು ದಾರಿ ಇದೆ. ಚೀಟಿ ಹರಿಯುವಾಗ ಬರೆದಿರುವ ನಡುವಿನ ತುಂಡನ್ನು ಹೆಬ್ಬೆರಳಲ್ಲಿ ಉಳಿಸಿಕೊಳ್ಳುವುದು ಒಂದು, ಅದನ್ನು 'ಸೆಂಟರ್ ಟೇರ್' ಅನ್ನುತ್ತಾರೆ. ಗುಂಪಿನಲ್ಲಿ ಒಬ್ಬರನ್ನು ಮೊದಲೇ ಒಪ್ಪಿಸಿ ಇಟ್ಟುಕೊಳ್ಳುವುದು ಇನ್ನೊಂದು. ಇದು ನನಗೆ ಇಷ್ಟವಿಲ್ಲ. ಹತ್ತು ಜನರ ಗುಂಪಿನಲ್ಲಿ ಅಂಥ ಗುಟ್ಟು ರಾತ್ರಿ ಊಟದ ಹೊತ್ತಿಗೆ ಹೊರಗೆ ಬಂದಿರುತ್ತದೆ. ಹೊಸಬರಿಗೆ ಚೀಟಿ ಬದಲಿಸುವ ದಾರಿಯೇ ವಾಸಿ.

ಅದೇ ಕಾಗದದ ಒಂದು ಖಾಲಿ ಚೀಟಿಯನ್ನು ಮೊದಲೇ ಮಡಿಸಿ, ಒಂದು ಮೂಲೆಯನ್ನು ಉಗುರಿನಿಂದ ಚೂರು ಒತ್ತಿ ಗುರುತು ಮಾಡಿ. ಬಲಗೈಯ ಮಧ್ಯದ ಎರಡು ಬೆರಳುಗಳ ಬುಡದಲ್ಲಿ ಅದನ್ನು ಹಿಡಿದಿಟ್ಟುಕೊಳ್ಳಿ. ಎಡಗೈಯಲ್ಲಿ ಬಟ್ಟಲು ಹಿಡಿದು ಸುತ್ತು ಬನ್ನಿ, ಎಲ್ಲರೂ ತಮ್ಮ ಚೀಟಿ ತಾವೇ ಹಾಕಲಿ. ಕೊನೆಯವರ ಚೀಟಿಯನ್ನು ಮಾತ್ರ ಬಲಗೈಯ ಬೆರಳ ತುದಿಯಲ್ಲಿ ತೆಗೆದುಕೊಳ್ಳಿ. ಬಟ್ಟಲಿನ ಬಾಯಿಗೆ ಕೈ ಒಯ್ಯುವಾಗ ಹೆಬ್ಬೆರಳು ಅದನ್ನು ಒಳಕ್ಕೆ ಎಳೆಯಬೇಕು, ಖಾಲಿ ಚೀಟಿ ಕೆಳಗೆ ಬೀಳಬೇಕು. ಬಟ್ಟಲನ್ನು ತಕ್ಷಣ ಯಾರಿಗಾದರೂ ಕೊಟ್ಟು "ಚೆನ್ನಾಗಿ ಕಲಸಿ" ಅನ್ನಿ. ಎಲ್ಲರ ಕಣ್ಣು ಬಟ್ಟಲಿನ ಜೊತೆ ಹೋಗುತ್ತದೆ. ಆಗ ನೀವು ಪ್ಯಾಡ್ ಎತ್ತಿಕೊಂಡು, "ಮೊದಲು ಮನಸ್ಸಿಗೆ ಬಂದದ್ದನ್ನು ಬರೆದುಕೊಳ್ತೀನಿ" ಅನ್ನುತ್ತಾ ಅದರ ಮರೆಯಲ್ಲಿ ಚೀಟಿ ಬಿಡಿಸಿ ಓದಿ. ನಿಜವಾಗಿಯೂ ಎರಡು ಅಕ್ಷರ ಬರೆಯಿರಿ. ಪೆನ್ಸಿಲ್ ಓಡದೆ ಸುಮ್ನೆ ಪ್ಯಾಡ್ ನೋಡುತ್ತಾ ನಿಂತರೆ ಅನುಮಾನ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಅವಸರದಲ್ಲಿ. ಬಲಗೈ ಬಟ್ಟಲಿನಿಂದ ಹೊರಬಂದ ತಕ್ಷಣ ಅದನ್ನೇ ನೋಡಿಕೊಳ್ಳುತ್ತಾರೆ. ನೀವು ನೋಡಿದರೆ ಜನರೂ ನೋಡುತ್ತಾರೆ. ಕೈಯನ್ನು ಸಡಿಲ ಬಿಟ್ಟು ಯಾರ ಜೊತೆಯಾದರೂ ಒಂದು ಮಾತಾಡಿ. ಮೊಬೈಲ್ ನಿಲ್ಲಿಸಿ ಇದನ್ನೇ ಪದೇ ಪದೇ ರೆಕಾರ್ಡ್ ಮಾಡಿ ನೋಡಿಕೊಳ್ಳಿ. ಕನ್ನಡಿಗಿಂತ ಅದು ಒಳ್ಳೆಯ ಗುರು.

ಹಂತ 5: ಒಂದು ಚೀಟಿ ಮುಂದೆ

ಇದಕ್ಕೆ 'ಒನ್ ಅಹೆಡ್' ಎಂದು ಹೆಸರು. ಪ್ರೇಕ್ಷಕರಿಗಿಂತ ನೀವು ಸದಾ ಒಂದು ಚೀಟಿ ಮುಂದೆ ಇರುತ್ತೀರಿ. ನಡೆಯುವುದು ಹೀಗೆ:

1. ಗುಟ್ಟಾಗಿ ಓದಿದ್ದು ರಾಧಾ ಅವರ ಪ್ರಶ್ನೆ ಅಂದುಕೊಳ್ಳಿ. ಬಟ್ಟಲಿನಿಂದ ಬೇರೆ ಯಾವುದೋ ಚೀಟಿ ಎತ್ತಿ, ಬಿಚ್ಚದೆ ಮುಷ್ಟಿಯಲ್ಲಿ ಹಿಡಿಯಿರಿ. ರಾಧಾ ಅವರ ಪ್ರಶ್ನೆ ಹೇಳಿ, ಉತ್ತರ ಕೊಡಿ.

2. ಅವರು "ಹೌದು, ನಾನೇ ಬರೆದದ್ದು" ಅನ್ನುವವರೆಗೆ ಕಾಯಿರಿ. ಅದಾದ ಮೇಲೆಯೇ ಕೈಯಲ್ಲಿರುವ ಚೀಟಿಯನ್ನು ತಾಳೆ ನೋಡುವವರ ಹಾಗೆ ಬಿಡಿಸಿ. ಅದು ನಿಜಕ್ಕೂ ಮೋಹನ್ ಅವರದ್ದು. ಒಂದು ನೋಟದಲ್ಲಿ ಓದಿ, ತಲೆಯಾಡಿಸಿ, ತಟ್ಟೆಗೆ ಹಾಕಿ.

3. ಮುಂದಿನ ಚೀಟಿ ಎತ್ತಿ. ಈಗ ಮೋಹನ್ ಅವರ ಪ್ರಶ್ನೆಗೆ ಉತ್ತರ. ಹೀಗೇ ಸಾಗುತ್ತದೆ.

4. ಕೊನೆಯದಾಗಿ ಮೂಲೆ ಗುರುತಿನ ಖಾಲಿ ಚೀಟಿ ಎತ್ತಿ. ಹಿಂದಿನದಕ್ಕೆ ಉತ್ತರ ಕೊಟ್ಟು, ಬಿಚ್ಚಿ ನೋಡಿದ ಹಾಗೆ ಮಾಡಿ ಪ್ಯಾಡಿನ ಹಿಂದೆ ಸೇರಿಸಿ. ಅದೇ ಕೈಯಲ್ಲಿ ರಾಧಾ ಅವರ ಅಸಲಿ ಚೀಟಿಯನ್ನು ತಟ್ಟೆಗೆ ಬಿಡಿ. ಲೆಕ್ಕ ಸರಿಹೋಯಿತು. ಯಾರಾದರೂ ಆಮೇಲೆ ತಟ್ಟೆ ಕೆದಕಿದರೂ ಅಲ್ಲಿ ಇರಬೇಕಾದದ್ದೆಲ್ಲ ಇರುತ್ತದೆ.

ಎಚ್ಚರಿಕೆ ಬೇಕಾದ ಜಾಗ ಎರಡನೆಯದು. ಬಿಡಿಸಿದ ಚೀಟಿಯನ್ನು ಓದುವ ನಿಮ್ಮ ಕಣ್ಣು ಸಾಲಿನುದ್ದಕ್ಕೂ ಓಡಬಾರದು. ತಾಳೆ ನೋಡುವವರು ಅಷ್ಟು ಹೊತ್ತು ನೋಡುವುದಿಲ್ಲ, ಅಲ್ವಾ? ಒಂದೇ ಸಾಲು ಬರೆಸಿದ್ದು ಇದಕ್ಕೇ. ಕೈಬರಹ ತೀರಾ ಕೆಟ್ಟದಾಗಿದ್ದರೆ ಇನಿಷಿಯಲ್ಸ್ ಮತ್ತು ಒಂದು ಮುಖ್ಯ ಪದ ಹಿಡಿದರೆ ಸಾಕು. "ನನ್ನ ಚೀಟಿ ಕೊಡಿ" ಅಂತ ಯಾರಾದರೂ ಕೈ ಚಾಚಿದರೆ, "ಕೊನೆಯಲ್ಲಿ ಎಲ್ಲರದ್ದೂ ಒಟ್ಟಿಗೆ ಹರಿದು ಹಾಕ್ತೀನಿ, ಯಾರ ಕೈಗೂ ಹೋಗಲ್ಲ" ಅನ್ನಿ. ಒಪ್ಪಿಕೊಳ್ಳುತ್ತಾರೆ.

ಹಂತ 6: ಉತ್ತರ

ಒಂದು ಚೀಟಿ ತೆಗೆದುಕೊಳ್ಳೋಣ. "ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಹೋಗಲಾ? – ಆರ್. ಕೆ." ಹೊಸಬರು ಇದಕ್ಕೆ ಹೀಗೆ ಹೇಳುತ್ತಾರೆ: "ಆರ್. ಕೆ. ಯಾರು? ಊರಿಗೆ ಹೋಗಲಾ ಅಂತ ಕೇಳಿದ್ದೀರಿ. ಹೋಗಿ, ಒಳ್ಳೆಯದಾಗುತ್ತೆ." ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಪ್ರಶ್ನೆ ಸರಿಯಾಗಿ ಹೇಳಿದ್ದಕ್ಕೆ ಬರಬೇಕಿದ್ದ ಅಚ್ಚರಿಯೂ ಬರಲಿಲ್ಲ, ಸಲಹೆಯೂ ಬೇಜವಾಬ್ದಾರಿಯದು.

ಉತ್ತರವನ್ನು ಮೂರು ಪದರದಲ್ಲಿ ಕಟ್ಟಿ. ಮೊದಲು ಮನುಷ್ಯ, ಆಮೇಲೆ ಪ್ರಶ್ನೆ, ಕೊನೆಗೆ ಉತ್ತರ. ಮೊದಲ ಪದರ:

"ಇದನ್ನು ಬರೆದವರು ಇವತ್ತು ಹೊಸದಾಗಿ ಯೋಚನೆ ಮಾಡಿದ್ದಲ್ಲ. ತುಂಬಾ ದಿನದಿಂದ ತಲೆಯಲ್ಲಿ ಓಡ್ತಾ ಇದೆ. ಮನೆಯಲ್ಲಿ ಒಬ್ಬರ ಹತ್ರ ಮಾತಾಡಿದ್ದೀರಿ, ಇನ್ನೊಬ್ಬರ ಹತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಯಾರು ಅಂತ ಈಗಲೇ ಕೈ ಎತ್ತಬೇಡಿ."

ಎರಡನೆಯದು: "ಎರಡು ಜಾಗ ಕಾಣ್ತಾ ಇದೆ. ಒಂದು ಟ್ರಾಫಿಕ್ಕು, ಗಲಾಟೆ. ಇನ್ನೊಂದು ಕಡೆ ನಿಮ್ಮನ್ನು ಮನೆ ಹೆಸರಿನಿಂದ ಕರೆಯೋ ಜನ ಇದ್ದಾರೆ. ಆರ್... ಆರ್. ಕೆ. ಅಲ್ವಾ? ಕೆಲಸ ಬಿಟ್ಟು ಊರಿಗೆ ಹೋಗಲಾ ಅಂತ ನಿಮ್ಮ ಪ್ರಶ್ನೆ."

ಗುಂಪು 'ಹೋ' ಅನ್ನುವುದು ಇಲ್ಲೇ. ಆ ಸದ್ದು ಇಳಿಯಲಿ. ಆಮೇಲೆ ಮೂರನೆಯದು:

"ಹೋಗಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಒಂದು ಕೆಲಸ ಮಾಡಿ. ಹಬ್ಬ, ಜಾತ್ರೆ ಇಲ್ಲದ ದಿನ ನೋಡಿ ಎರಡು ವಾರ ಊರಲ್ಲಿ ಇದ್ದು ಬನ್ನಿ. ಹಬ್ಬದ ದಿನ ಎಲ್ಲರಿಗೂ ಊರು ಚೆಂದವೇ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೇಗಿರುತ್ತೆ ನೋಡಿ. ಆಮೇಲೆ ನಿಮ್ಮ ಉತ್ತರ ನಿಮಗೇ ಸಿಗುತ್ತೆ."

ನಗು ಬರುತ್ತದೆ, ಅವರಿಗೆ ಕೈಗೆ ಸಿಗುವಂಥ ಮಾತೂ ಸಿಗುತ್ತದೆ, ನೀವು ಯಾವ ಭವಿಷ್ಯವನ್ನೂ ನುಡಿದಿಲ್ಲ. ಉತ್ತರ ಹೀಗಿರಬೇಕು: ಅವರ ಕೈಯಲ್ಲೇ ಇರುವ ಒಂದು ಸಣ್ಣ ಕೆಲಸ, ಮಾಡಿದರೆ ನಷ್ಟವಿಲ್ಲದ್ದು.

ಮೊದಲ ಪದರಕ್ಕೆ ಬೇಕಾದ ಮಾತು ಎಲ್ಲಿಂದ ಬರುತ್ತದೆ? ಅರ್ಧ ಚೀಟಿಯಿಂದಲೇ. ಊರಿಗೆ ಹೋಗುವ ಪ್ರಶ್ನೆ ಬರೆದವರು ಅದನ್ನು ತುಂಬಾ ದಿನ ಯೋಚಿಸಿರಲೇಬೇಕು. ಇನ್ನರ್ಧ 'ಕೋಲ್ಡ್ ರೀಡಿಂಗ್': ವಯಸ್ಸು, ಉಡುಗೆ, ಕೂತ ರೀತಿ, ಯಾರ ಪಕ್ಕ ಕೂತಿದ್ದಾರೆ, ಯಾವ ಮಾತಿಗೆ ಮುಖ ಅರಳಿತು, ಇದೆಲ್ಲ ನೋಡಿ ಅಂದಾಜು ಕಟ್ಟುವುದು. ಮನೆ ಬಾಗಿಲಿಗೆ ಬರುವ ಬುಡಬುಡಿಕೆಯವರು, ಕಣಿ ಹೇಳುವವರು ಇದರಲ್ಲಿ ಪಳಗಿದವರು. ಅಂಗಳ, ಒಗೆದು ಹಾಕಿದ ಬಟ್ಟೆ, ಮಕ್ಕಳ ಸೈಕಲ್ಲು ನೋಡಿದರೆ ಅವರಿಗೆ ಅರ್ಧ ಕತೆ ಗೊತ್ತಾಗುತ್ತದೆ.

ಯಾರಿಗೆ ಹೇಳಿದರೂ ಹೊಂದುವ ಮಾತುಗಳೂ ಇವೆ. ಇವಕ್ಕೆ 'ಬಾರ್ನಮ್ ಮಾತು' ಅನ್ನುತ್ತಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ "ಇದು ನಿನ್ನ ವ್ಯಕ್ತಿತ್ವ" ಅಂತ ಒಬ್ಬೊಬ್ಬರಿಗೂ ಒಂದು ವಿವರಣೆ ಕೊಟ್ಟ. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ. ಅದರ ಮಾತುಗಳನ್ನು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಎಷ್ಟು ನಿಖರ ಅಂತ ಕೇಳಿದಾಗ ವಿದ್ಯಾರ್ಥಿಗಳು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು! ನಮ್ಮ ಮಾತಲ್ಲಿ ಹೇಳುವುದಾದರೆ, "ಎಲ್ಲರ ಜೊತೆ ನಗ್ತಾ ಇರ್ತೀರಿ, ಮನಸ್ಸಿನ ಮಾತು ಹೇಳೋದು ಒಬ್ಬಿಬ್ಬರ ಹತ್ರ ಮಾತ್ರ" ಅನ್ನುವಂಥದ್ದು. ಇಡೀ ಆಟದಲ್ಲಿ ಇಂಥದ್ದು ಒಂದೋ ಎರಡೋ ಸಾಕು. ಸಣ್ಣ ಗುಂಪಿನಲ್ಲಿ ಎಲ್ಲರೂ ಎಲ್ಲರ ಉತ್ತರ ಕೇಳುತ್ತಿರುತ್ತಾರೆ. ಒಂದೇ ಮಾತನ್ನು ಮೂರು ಜನರಿಗೆ ಹೇಳಿದರೆ ಸಿಕ್ಕಿಬೀಳುತ್ತೀರಿ.

ಬರುವ ಪ್ರಶ್ನೆಗಳು ಬಹಳ ಮಟ್ಟಿಗೆ ಒಂದೇ ಥರ: ಮದುವೆ, ಕೆಲಸ, ಸೈಟು ಅಥವಾ ಮನೆ, ಮಕ್ಕಳ ಓದು, ವೀಸಾ. ಒಂದೊಂದಕ್ಕೂ ಎರಡು ಮೂರು ಉತ್ತರ ಮನೆಯಲ್ಲೇ ಯೋಚಿಸಿ ಇಟ್ಟುಕೊಳ್ಳಿ. ಶುರುವಿನಲ್ಲಿ ಬಂದ ತಾಯಿಯ ಪ್ರಶ್ನೆಗೆ "ಸಿಗುತ್ತೆ" ಅಂದರೆ ಸುಳ್ಳು, "ಸಿಗಲ್ಲ" ಅಂದರೆ ಕ್ರೌರ್ಯ. "ಸೀಟಿನ ಬಗ್ಗೆ ಮನೆಯಲ್ಲಿ ದಿನಾ ಮಾತು ನಡೀತಾ ಇದೆ. ಈ ವಾರ ಒಂದು ಸಂಜೆ ಸೀಟಿನ ಸುದ್ದಿ ಎತ್ತದೆ ಮಗನ ಜೊತೆ ಹೊರಗೆ ಹೋಗಿ ಬನ್ನಿ. ಅವನಿಗೂ ಅದೇ ಬೇಕಾಗಿದೆ" ಅನ್ನಿ. ತಾಯಿ ತಲೆಯಾಡಿಸದಿದ್ದರೆ ಕೇಳಿ.

"ಆರ್‌ಸಿಬಿ ಮತ್ತೆ ಕಪ್ ಗೆಲ್ಲುತ್ತಾ?" ಅಂತ ಒಬ್ಬರು ಬರೆದೇ ಬರೆಯುತ್ತಾರೆ. ಅಂಥ ತಮಾಷೆಯ ಚೀಟಿ ಕಣ್ಣಿಗೆ ಬಿದ್ದರೆ ಖುಷಿಪಡಿ. ಭಾರದ ಪ್ರಶ್ನೆಯೊಂದರ ಬೆನ್ನಿಗೆ ಅದು ಬಂದರೆ ಕೋಣೆ ಹಗುರಾಗುತ್ತದೆ. "ನಮ್ಮ ಅಜ್ಜಿ ಹೆಸರೇನು?" ಅನ್ನುವ ಪರೀಕ್ಷೆಯ ಚೀಟಿಯೂ ಬರುತ್ತದೆ. "ಅಜ್ಜಿಯನ್ನು ನೆನೆಸಿಕೊಂಡಿದ್ದೀರಿ. ಹೆಸರು ನಿಮಗೇ ಗೊತ್ತು, ಪರೀಕ್ಷೆ ನನಗೆ!" ಅಂದು ದಾಟಿಕೊಳ್ಳಿ. ಪ್ರಶ್ನೆ ಹೇಳಿದ್ದೇ ದೊಡ್ಡದು, ಯಾರೂ ಬಿಡದೆ ಹಿಡಿಯುವುದಿಲ್ಲ.

ಹಂತ 7: ಬಾಯಿ ಬಿಡಬಾರದ ಚೀಟಿಗಳು

ಕಾಯಿಲೆ, ಬಸಿರು, ಸಾವು, ಕಾಣೆಯಾದವರು, ಕೋರ್ಟ್ ಕೇಸು, ಷೇರು, ಗಂಡ ಹೆಂಡತಿ ನಡುವಿನ ಅನುಮಾನ. ಎಷ್ಟೇ ಹೇಳಿದರೂ ಇವು ಬರುತ್ತವೆ. ನೆನಪಿಡಿ, ಚೀಟಿ ಓದಿದ್ದೀರಿ ಅಂತ ಬರೆದವರಿಗೆ ಇನ್ನೂ ಗೊತ್ತಿಲ್ಲ. ಸುಮ್ಮನೆ ಬಿಟ್ಟುಬಿಡಬಹುದು. ಆದರೆ ಸರಪಳಿ ತಪ್ಪಬಾರದು. ಕೈಯಲ್ಲಿ ಹೊಸ ಚೀಟಿ ಹಿಡಿದು, "ಇದು ಸ್ಪಷ್ಟವಾಗ್ತಾ ಇಲ್ಲ" ಅನ್ನುತ್ತಾ ಅದನ್ನು ಬಿಡಿಸಿ ನೋಡಿ, ತಟ್ಟೆಗೆ ಹಾಕಿ ಮುಂದಿನದಕ್ಕೆ ಹೋಗಿ. ಒಂದು ಕಡೆ ಸೋತಂತೆ ಕಂಡರೆ ಉಳಿದದ್ದು ಇನ್ನಷ್ಟು ನಿಜ ಅನ್ನಿಸುತ್ತದೆ, ನಷ್ಟವೇನಿಲ್ಲ.

"ಬದುಕು ಸಾಕಾಗಿದೆ" ಅನ್ನುವ ಧಾಟಿಯ ಚೀಟಿ ಬಂದರೆ ಆಟದ ಲೆಕ್ಕ ಬೇರೆ. ಗುಂಪಿನ ಮುಂದೆ ಅದರ ಸುಳಿವೂ ಬೇಡ. ಬೇಗ ಮುಗಿಸಿ, ಅವರನ್ನು ಪಕ್ಕಕ್ಕೆ ಕರೆದು, ಚೀಟಿ ಓದಿದ್ದೇನೆ ಅಂತ ನೇರವಾಗಿ ಹೇಳಿ. ಗುಟ್ಟು ಹೋದರೆ ಹೋಗಲಿ. ಹತ್ತಿರದವರೊಬ್ಬರನ್ನು ಜೊತೆಗೆ ಕೂರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಹಂತ 8: ಮುಗಿಸುವುದು

ಕೊನೆಯ ಉತ್ತರಕ್ಕೆ ಖುಷಿಯ ಪ್ರಶ್ನೆಯೊಂದನ್ನು ಉಳಿಸಿಕೊಳ್ಳಿ. ಆಮೇಲೆ ಬಟ್ಟಲು, ತಟ್ಟೆ ಎರಡರ ಚೀಟಿಗಳನ್ನೂ ಎಲ್ಲರೆದುರು ಹರಿದು ಹಾಕಿ. ಮನೆಯೊಳಗೆ ಸುಡುವ ನಾಟಕ ಬೇಡ. ಪರದೆ, ಫ್ಯಾನು, ಮಕ್ಕಳು, ಏನಾದರೂ ಆದೀತು. ಚೂರುಗಳನ್ನು ನೀವೇ ಒಯ್ಯಿರಿ, ಅವರ ಮನೆಯ ಕಸದ ಬುಟ್ಟಿಗೆ ಹಾಕಬೇಡಿ.

ಎಲ್ಲರೂ ಕಾಫಿಗೆ ಎದ್ದಾಗ ಒಬ್ಬರು ನಿಮ್ಮ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ಸಾರ್, ಒಂದು ಐದು ನಿಮಿಷ ನನ್ನದೂ ನೋಡ್ತೀರಾ? ದುಡ್ಡು ಎಷ್ಟಾದರೂ ಪರವಾಗಿಲ್ಲ." ಅವರಿಗೆ ಕೊಡುವ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ: "ನಾನು ನೋಡಿದ್ದೆಲ್ಲ ಆಟ. ನಿಮ್ಮ ವಿಷಯ ನನಗೆ ನಿಮಗಿಂತ ಜಾಸ್ತಿ ಏನೂ ಗೊತ್ತಿಲ್ಲ." ಅವರು ಮತ್ತೆ ಕೇಳುತ್ತಾರೆ. ಇದನ್ನೇ ಮತ್ತೆ ಹೇಳಿ, ವಿಸಿಟಿಂಗ್ ಕಾರ್ಡ್ ಕೊಡದೆ ಹೊರಡಿ.